ಅಯುತ್ಥಾಯದಲ್ಲಿ ಒಂದು ರಾತ್ರಿ: ಕಡಿಮೆ ಖರ್ಚಿನ ರೂಮು ಹಿಡಿಯುವುದು ಹೇಗೆ?

ಬ್ಯಾಂಕಾಕ್‌ಗೆ ಹೋದವರಲ್ಲಿ ಹೆಚ್ಚಿನವರು ಥಾಯ್ಲೆಂಡಿನ ಹಳೆಯ ರಾಜಧಾನಿ ಅಯುತ್ಥಾಯವನ್ನು ಒಂದೇ ಹಗಲಿನಲ್ಲಿ ಮುಗಿಸಿಬಿಡುತ್ತಾರೆ. ಬೆಳಿಗ್ಗೆ ಟೂರ್ ಬಸ್ಸು ಹತ್ತುತ್ತಾರೆ. ನೆತ್ತಿ ಸುಡುವ ಹೊತ್ತಿಗೆ ಪಾಳು ದೇಗುಲಗಳ ಮುಂದೆ ಫೋಟೊ, ಸಂಜೆಗೆ ವಾಪಸ್. ಆ ಊರು ಚೆನ್ನಾಗಿ ಕಾಣುವುದು ಬೆಳಗಿನ ಎಂಟು ಗಂಟೆಗೆ ಮತ್ತು ಬಿಸಿಲು ಇಳಿಯುವಾಗ. ಬಸ್ಸಿನವರಿಗೆ ಎರಡೂ ಸಿಗುವುದಿಲ್ಲ. ಅಲ್ಲೇ ಒಂದು ರಾತ್ರಿ ಉಳಿದವರಿಗೆ ಸಿಗುತ್ತದೆ. ಅದಕ್ಕೆ ದೊಡ್ಡ ಹೋಟೆಲ್ಲೇನೂ ಬೇಡ. ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್ ಸಾಕು. ಆದರೆ ಅದನ್ನು ಸರಿಯಾದ ಕಡೆ, ಸರಿಯಾಗಿ ನೋಡಿ ಹಿಡಿಯಬೇಕು.

ಹೊರಡುವ ಮೊದಲು

ತಿಂಗಳು ನೋಡಿಕೊಳ್ಳಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ, ರೂಮಿನ ಬೆಲೆಯೂ ಸ್ವಲ್ಪ ಜಾಸ್ತಿ. ಏಪ್ರಿಲ್ ಅಂದರೆ ಕೆಂಡ. ಅದೇ ತಿಂಗಳ 13ರಿಂದ 15ರವರೆಗೆ ಸೋಂಗ್‌ಕ್ರಾನ್ ಹಬ್ಬ, ಬೀದಿಯಲ್ಲಿ ನೀರೆರಚಾಟ, ರೈಲು-ಬಸ್ಸು ಎಲ್ಲ ಭರ್ತಿ. ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಹೊಳೆಯ ನೀರು ಏರುತ್ತದೆ. 2011ರ ಪ್ರವಾಹದಲ್ಲಿ ಈ ಊರಿನ ದೇಗುಲಗಳ ಅಂಗಳಕ್ಕೂ ನೀರು ನುಗ್ಗಿತ್ತು. ಆ ತಿಂಗಳುಗಳಲ್ಲಿ ಹೋಗುವುದಾದರೆ ಹೊಳೆ ದಂಡೆಯ ನೆಲಮಹಡಿ ರೂಮು ಬೇಡ. ವಾರಾಂತ್ಯ ಬಿಟ್ಟು ಹೋದರೆ ಬೆಲೆ ಇಳಿಯುತ್ತದೆ, ಯಾಕೆಂದರೆ ಶನಿವಾರ-ಭಾನುವಾರ ಬ್ಯಾಂಕಾಕ್‌ನವರೇ ಇಲ್ಲಿಗೆ ಬರುತ್ತಾರೆ.

ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮೊದಲು ಒಮ್ಮೆ ನೋಡಿ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಬರುವ ವಿದೇಶಿಯರೆಲ್ಲ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ತುಂಬುವುದು. ಸರ್ಕಾರದ ತಾಣದಲ್ಲಿ ಇದಕ್ಕೆ ದುಡ್ಡಿಲ್ಲ. ಯಾರಾದರೂ ಶುಲ್ಕ ಕೇಳಿದರೆ ನೀವು ತಪ್ಪು ತಾಣದಲ್ಲಿದ್ದೀರಿ ಎಂದೇ ಅರ್ಥ. ಅದರಲ್ಲಿ ಉಳಿಯುವ ಜಾಗದ ವಿಳಾಸ ಕೇಳುತ್ತಾರೆ. ಹಾಗಾಗಿ ಮೊದಲ ರಾತ್ರಿಯ ರೂಮನ್ನಾದರೂ ಮುಂಚೆಯೇ ಬುಕ್ ಮಾಡಿಟ್ಟುಕೊಳ್ಳಿ.

ಯಾವ ಕಡೆ ರೂಮು?

ಊರಿನ ನಕ್ಷೆ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಚಾವೊ ಫ್ರಾಯಾ, ಪಾ ಸಾಕ್, ಲೋಪ್‌ಬುರಿ ಎಂಬ ಮೂರು ನದಿಗಳು ಸುತ್ತುವರಿದು ಹಳೆಯ ಪಟ್ಟಣವನ್ನು ದ್ವೀಪ ಮಾಡಿವೆ. 14ನೇ ಶತಮಾನದ ನಡುವಿನಿಂದ 1767ರಲ್ಲಿ ಬರ್ಮಾ ಸೈನ್ಯ ಸುಟ್ಟುಹಾಕುವವರೆಗೆ, ನಾಲ್ಕು ಶತಮಾನಕ್ಕೂ ಮೇಲೆ ಸಯಾಮಿನ (ಥಾಯ್ಲೆಂಡಿನ ಹಳೆಯ ಹೆಸರು) ರಾಜಧಾನಿ ಇದ್ದದ್ದು ಇಲ್ಲೇ. 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರೈಲು ನಿಲ್ದಾಣ ಮಾತ್ರ ದ್ವೀಪದ ಆಚೆ, ಪೂರ್ವದ ದಂಡೆಯಲ್ಲಿದೆ.

ನನ್ನ ಮಾತು ಕೇಳುವುದಾದರೆ ದ್ವೀಪದ ಈಶಾನ್ಯ ಮೂಲೆಗೆ ಹೋಗಿ. ಅಲ್ಲಿ ಚಾವೊ ಫ್ರೋಮ್ ಮಾರುಕಟ್ಟೆ ಇದೆ. ಅದರ ಆಸುಪಾಸಿನಲ್ಲಿ, ನರೇಸುವಾನ್ ರಸ್ತೆಯಿಂದ ಒಳಗೆ ಹೋಗುವ ಓಣಿಗಳಲ್ಲಿ ಗೆಸ್ಟ್‌ಹೌಸ್‌ಗಳು ಸಾಲಾಗಿವೆ. ದೋಣಿ ಕಟ್ಟೆ ಹತ್ತಿರ. ವಾಟ್ ಮಹಾಥಾಟ್ ಮತ್ತು ವಾಟ್ ರಾಚಬುರಾಣ ದೇಗುಲಗಳಿಗೆ ನಡೆದೇ ಹೋಗಬಹುದು. ಸೈಕಲ್ ಬಾಡಿಗೆಯೂ ಅಲ್ಲೇ ಸಿಗುತ್ತದೆ. ಹೊಳೆಯ ನೋಟ ಇದೆ ಎಂದು ಜಾಸ್ತಿ ದುಡ್ಡು ಕೇಳುವ ರೂಮುಗಳೂ ಇವೆ. ಒಂದು ರಾತ್ರಿಗೆ ಅದು ದಂಡ. ರೂಮಿನಲ್ಲಿ ಕೂರುವುದಕ್ಕೆ ಇಷ್ಟು ದೂರ ಬರಬೇಕಾ?

ತಲುಪುವುದು

ಅಯುತ್ಥಾಯ ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ಬ್ಯಾಂಕಾಕ್‌ನ ಮೋ ಚಿಟ್ ಬಸ್ ನಿಲ್ದಾಣದಿಂದ ಮಿನಿವ್ಯಾನ್ ಇದೆ, ಆದರೆ ರೈಲೇ ವಾಸಿ. 2023ರ ಜನವರಿಯಿಂದ ದೂರದ ಊರಿನ ರೈಲುಗಳು ಕ್ರುಂಗ್ ಥೆಪ್ ಅಭಿವಾಟ್ ಎಂಬ ಹೊಸ ದೊಡ್ಡ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಹುವಾ ಲಂಫೋಂಗ್‌ನಿಂದ ಸಾಮಾನ್ಯ ಗಾಡಿಗಳು ಈಗಲೂ ಇವೆ. ಅವುಗಳ ಮೂರನೇ ದರ್ಜೆ ಟಿಕೆಟ್ 20 ಬಾತ್‌ನ (ಥಾಯ್ ಹಣ) ಆಸುಪಾಸು, ಫ್ಯಾನ್ ಗಾಳಿ, ತೆರೆದ ಕಿಟಕಿ. ಒಂದೂವರೆ-ಎರಡು ಗಂಟೆಯ ದಾರಿ. ನಿಮ್ಮ ವಿಮಾನ ಡಾನ್ ಮುಯಾಂಗ್‌ನಲ್ಲಿ ಇಳಿದರೆ ಬ್ಯಾಂಕಾಕ್ ಪೇಟೆಯೊಳಗೆ ಹೋಗುವ ಗೊಡವೆಯೇ ಇಲ್ಲ. ಎದುರಿಗೇ ರೈಲು ನಿಲ್ದಾಣ, ಉತ್ತರದ ಕಡೆ ಹೋಗುವ ಹಲವು ಗಾಡಿಗಳು ಅಲ್ಲಿ ನಿಲ್ಲುತ್ತವೆ. ಬೆಳಿಗ್ಗೆ ಎಂಟಕ್ಕೋ ಸಂಜೆ ಆರಕ್ಕೋ ನಿಲ್ದಾಣದಲ್ಲಿದ್ದರೆ ರಾಷ್ಟ್ರಗೀತೆ ಕೇಳಿಸುತ್ತದೆ. ಎಲ್ಲರೂ ನಿಲ್ಲುತ್ತಾರೆ, ನೀವೂ ನಿಲ್ಲಿ.

ಅಯುತ್ಥಾಯದಲ್ಲಿ ಇಳಿದ ಕೂಡಲೇ ಟುಕ್‌ಟುಕ್‌ನವರು ಮುತ್ತಿಕೊಳ್ಳುತ್ತಾರೆ. ಮೂತಿ ಗುಂಡಗಿರುವ ಗಾಡಿಗಳು, ನೋಡಲು ಮಜವಾಗಿವೆ. ಆದರೆ ಈಗ ಬೇಡ. ನಿಲ್ದಾಣದ ಎದುರಿನ ರಸ್ತೆ ದಾಟಿ ನೇರ ನಡೆದರೆ ದೋಣಿ ಕಟ್ಟೆ. ಕೆಲವೇ ಬಾತ್ ಕೊಟ್ಟರೆ ಆಚೆ ದಂಡೆಗೆ ಬಿಡುತ್ತಾರೆ. ಅಲ್ಲಿಂದ ಮಾರುಕಟ್ಟೆಯ ಓಣಿಗೆ ನಡಿಗೆಯ ದೂರ.

ನೋಡಿ, ಆಮೇಲೆ ದುಡ್ಡು

ಮುಂಚೆ ಬುಕ್ ಮಾಡಿದ್ದರೂ ಸರಿ, ನೇರ ಹೋಗಿ ಕೇಳಿದರೂ ಸರಿ, ದುಡ್ಡು ಕೊಡುವ ಮೊದಲು ರೂಮು ತೋರಿಸಿ ಎನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಫ್ಯಾನ್ ರೂಮು ಕೆಲವು ನೂರು ಬಾತ್‌ಗೆ ಸಿಗುತ್ತದೆ, ಎ.ಸಿ. ರೂಮಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಲೆಕ್ಕ ಹಿಡಿಯಿರಿ. ಚಳಿಗಾಲ ಬಿಟ್ಟು ಉಳಿದ ತಿಂಗಳಲ್ಲಿ ಎ.ಸಿ.ಗೆ ಕೊಡುವ ಹೆಚ್ಚಿನ ದುಡ್ಡು ದಂಡ ಅಲ್ಲ. ದಿನವಿಡೀ ಬಿಸಿಲಲ್ಲಿ ಸೈಕಲ್ ತುಳಿದವರಿಗೆ ಅದರ ಬೆಲೆ ಗೊತ್ತು.

ಒಳಗೆ ಹೋದ ಮೇಲೆ ಮೊದಲು ಹಾಸಿಗೆ ಒತ್ತಿ ನೋಡಿ. ಥಾಯ್ಲೆಂಡಿನ ಕಡಿಮೆ ಬೆಲೆಯ ಲಾಡ್ಜುಗಳಲ್ಲಿ ಹಾಸಿಗೆ ಗಟ್ಟಿಯೇ ಇರುತ್ತದೆ. ಬೆನ್ನುನೋವಿನವರು ಕೆಲವರಿಗೆ ಅದೇ ಇಷ್ಟ, ಆ ಮಾತು ಬೇರೆ. ದಿಂಬು ಎತ್ತಿ, ಹಾಸಿಗೆಯ ಹೊಲಿಗೆಯ ಅಂಚು ನೋಡಿ. ಸಣ್ಣ ಕಪ್ಪು ಚುಕ್ಕಿಗಳಿದ್ದರೆ ತಿಗಣೆ. ಬಾಯಿ ಮುಚ್ಚಿಕೊಂಡು ಹೊರಗೆ ಬಂದು ಪಕ್ಕದ ಮನೆ ಹುಡುಕಿ. ಕಿಟಕಿಗೆ ಸೊಳ್ಳೆ ಪರದೆ ಹರಿದಿದೆಯಾ ನೋಡಿ. ಸುತ್ತ ಮೂರು ನದಿ ಇರುವ ಊರಿನಲ್ಲಿ ಸೊಳ್ಳೆಗೆ ಬರವಿಲ್ಲ, ಡೆಂಗಿಯೂ ಇದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ. ಗೋಡೆಯ ಮೇಲೆ ಬಿಸಿನೀರಿನ ಸಣ್ಣ ಪೆಟ್ಟಿಗೆ ಇರುತ್ತದೆ. ಎಷ್ಟೋ ಸಲ ಅದರ ಸ್ವಿಚ್ಚು ಹೊರಗಿರುತ್ತದೆ, ಎಲ್ಲಿ ಎಂದು ಆಗಲೇ ಕೇಳಿಕೊಳ್ಳಿ. ರಾತ್ರಿ ಹತ್ತಕ್ಕೆ ಮಾಲಕಿಯನ್ನು ಎಬ್ಬಿಸುವ ಪೇಚು ತಪ್ಪುತ್ತದೆ. ತೀರಾ ಅಗ್ಗದ ರೂಮಾದರೆ ಬಚ್ಚಲು ಎಲ್ಲರಿಗೂ ಸೇರಿ ಒಂದೇ ಇರಬಹುದು, ಇದನ್ನೂ ಮೊದಲೇ ಕೇಳಿ.

ನಮ್ಮವರಿಗೆ ಖುಷಿಯ ಸಂಗತಿ ಅಂದರೆ, ಕಮೋಡ್ ಪಕ್ಕದ ನೀರಿನ ಸ್ಪ್ರೇ. ಯುರೋಪಿಗೆ ಹೋದಾಗಿನ ಒದ್ದಾಟ ಇಲ್ಲಿಲ್ಲ. ಕಾಗದ ಬಳಸಿದರೆ ಕಮೋಡ್‌ಗೆ ಹಾಕಬೇಡಿ, ಪಕ್ಕದ ಬುಟ್ಟಿಗೆ ಹಾಕಿ. ಪೈಪುಗಳು ಸಣ್ಣವು, ಕಟ್ಟಿಕೊಳ್ಳುತ್ತವೆ.

ಪ್ಲಗ್ಗಿನ ವಿಚಾರ. ಕರೆಂಟು ನಮ್ಮ ಹಾಗೇ 220-230 ವೋಲ್ಟ್. ನಮ್ಮ ಮೊಬೈಲ್ ಚಾರ್ಜರಿನ ಎರಡು ಉರುಟು ಪಿನ್ನು ಅಲ್ಲಿನ ಸಾಕೆಟ್ಟಿಗೆ ಸಾಮಾನ್ಯವಾಗಿ ಹಿಡಿಯುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನು ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು.

ಎಲ್ಲ ಸರಿ ಇದ್ದರೆ ಪಾಸ್‌ಪೋರ್ಟ್ ಕೇಳುತ್ತಾರೆ. ಗಾಬರಿ ಬೇಡ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸಬೇಕಾದದ್ದು ಅಲ್ಲಿ ಮನೆ ಮಾಲೀಕರ ಜವಾಬ್ದಾರಿ. ಫೋಟೊ ತೆಗೆದುಕೊಳ್ಳಲಿ, ಪುಸ್ತಕ ಮಾತ್ರ ವಾಪಸ್ ಇಸಿದುಕೊಳ್ಳಿ. ಸೈಕಲ್ ಬಾಡಿಗೆಗೂ ಪಾಸ್‌ಪೋರ್ಟ್ ಅಡ ಇಡಬೇಡಿ, ಬದಲಿಗೆ ಒಂದಿಷ್ಟು ನಗದು ಇಟ್ಟು ಚೀಟಿ ಕೇಳಿ. ಬೀಗದ ಕೈಗೂ ಡಿಪಾಸಿಟ್ ಕೇಳುವುದುಂಟು. ಕಾರ್ಡು ನಡೆಯುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಎ.ಟಿ.ಎಂ.ನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿಯುತ್ತಾರೆ. ಆದ್ದರಿಂದ ಪದೇಪದೇ ತೆಗೆಯದೆ ಒಂದೇ ಸಲ ತೆಗೆಯಿರಿ.

ಮನೆಯ ರೀತಿ-ನೀತಿ

ಚಪ್ಪಲಿ ಬಾಗಿಲಾಚೆ. ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಡುರಿಯನ್ ಹಣ್ಣು ಒಳಗೆ ತರಬೇಡಿ, ವಾಸನೆ ಹಾಸಿಗೆಗೆ ಹಿಡಿದರೆ ಹೋಗುವುದಿಲ್ಲ. ಕೆಲವು ಕಡೆ ಮ್ಯಾಂಗೋಸ್ಟೀನ್ ಕೂಡ ಬೇಡ ಎನ್ನುತ್ತಾರೆ, ಅದರ ಸಿಪ್ಪೆಯ ರಸ ಬೆಡ್‌ಶೀಟಿಗೆ ತಾಗಿದರೆ ಕಲೆ ಉಳಿಯುತ್ತದೆ. ಇ-ಸಿಗರೇಟು ಆ ದೇಶದಲ್ಲೇ ನಿಷೇಧ. ನಲ್ಲಿ ನೀರು ಕುಡಿಯಬೇಡಿ. ಗೆಸ್ಟ್‌ಹೌಸಿನಲ್ಲಿ ಕ್ಯಾನ್ ಇಟ್ಟಿರುತ್ತಾರೆ, ಇಲ್ಲದಿದ್ದರೆ ಬೀದಿಯ ಯಂತ್ರಕ್ಕೆ ನಾಣ್ಯ ಹಾಕಿ ಬಾಟಲಿ ತುಂಬಿಸಿಕೊಳ್ಳಬಹುದು. ಇಲ್ಲಿ ಏರುದನಿ ಯಾರಿಗೂ ಹಿಡಿಸುವುದಿಲ್ಲ. ಎ.ಸಿ. ಕೆಟ್ಟಿದ್ದರೂ ನಗುತ್ತಲೇ ಹೇಳಿ, ಕೆಲಸ ಬೇಗ ಆಗುತ್ತದೆ.

ಸಂಜೆ, ಊಟ

ಟುಕ್‌ಟುಕ್ ಈಗ ಹಿಡಿಯಿರಿ. ಪಶ್ಚಿಮದ ದಂಡೆಯಲ್ಲಿ ವಾಟ್ ಚೈವತ್ತನಾರಾಮ್ ಇದೆ, 1630ರಲ್ಲಿ ಪ್ರಸಾತ್ ಥೋಂಗ್ ದೊರೆ ಕಟ್ಟಿಸಲು ಶುರು ಮಾಡಿದ್ದು. ಸೂರ್ಯ ಅದರ ಹಿಂದೆ ಮುಳುಗುತ್ತಾನೆ. ಆ ನೋಟ ಬೇಕಾದರೆ ಹೊಳೆಯ ಈಚೆ ದಂಡೆಯಲ್ಲೇ ನಿಂತು ನೋಡುವುದು ಮೇಲು. ಬಾಡಿಗೆ ಗಂಟೆ ಲೆಕ್ಕದಲ್ಲೋ ಜಾಗದ ಲೆಕ್ಕದಲ್ಲೋ ಮೊದಲೇ ಮಾತಾಡಿ. ಇಲ್ಲಿಗೆ ಹೋಗಲು ಸೈಕಲ್ಲೂ ಆಗುತ್ತದೆ, ಆದರೆ ಕತ್ತಲಾದ ಮೇಲೆ ಬೀದಿನಾಯಿಗಳ ಕಾಟ.

ಸಸ್ಯಾಹಾರಿಗಳಿಗೆ ಒಂದು ಮಾತು. ಬರೀ ‘ವೆಜ್’ ಎಂದರೆ ಮಾಂಸ ಬಿಟ್ಟು ಮೀನಿನ ಸಾಸ್ ಹಾಕಿಕೊಡುತ್ತಾರೆ. ‘ಜೇ’, ಅಂದರೆ ಪೂರ್ತಿ ಸಸ್ಯಾಹಾರ, ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಥಾಯ್ ಅಕ್ಷರ ಇರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಬೆಳ್ಳುಳ್ಳಿ-ಈರುಳ್ಳಿಯೂ ಇಲ್ಲ. ಮಾಧ್ವರ ಮನೆಯವರೂ ನಿಶ್ಚಿಂತೆಯಿಂದ ಉಣ್ಣಬಹುದು. ಮಾಂಸ ತಿನ್ನುವವರಿಗೆ ಇಲ್ಲಿನ ಬೋಟ್ ನೂಡಲ್ಸ್, ಹೊಳೆಯ ದೊಡ್ಡ ಸಿಗಡಿ ಹೆಸರುವಾಸಿ. ಸಿಗಡಿಯನ್ನು ಮಾತ್ರ ಬೆಲೆ ಕೇಳಿಯೇ ತರಿಸಿಕೊಳ್ಳಿ.

ರೋಟಿ ಸಾಯಿ ಮಾಯಿ ಬಿಡಬೇಡಿ. ಈ ಊರಿನ ಮುಸ್ಲಿಂ ಕುಟುಂಬಗಳು ಮಾಡಿ ಮಾರುವ ಸಿಹಿ ಇದು. ಬಣ್ಣಬಣ್ಣದ ಸಕ್ಕರೆ ಎಳೆ, ನಮ್ಮ ಬಾಂಬೆ ಮಿಠಾಯಿಯ ಹಾಗೆ. ಅದನ್ನು ತೆಳ್ಳನೆಯ ರೊಟ್ಟಿಯಲ್ಲಿ ಸುತ್ತಿ ತಿನ್ನುವುದು. ಎಳೆ ಬೇರೆ, ರೊಟ್ಟಿ ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ, ರೂಮಿಗೆ ತಂದು ನಿಧಾನವಾಗಿ ಮುಗಿಸಬಹುದು. ಇರುವೆ ಬರುತ್ತದೆ, ಪೊಟ್ಟಣದ ಬಾಯಿ ಕಟ್ಟಿಡಿ.

ಬೆಳಿಗ್ಗೆ, ಮತ್ತು ರೂಮು ಬಿಡುವಾಗ

ಏಳೂವರೆಗೆ ಸೈಕಲ್ ಹತ್ತಿ. ಎಂಟಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ವಾಟ್ ಮಹಾಥಾಟ್ ಮುಂದಿರಿ. ಮರದ ಬೇರುಗಳು ಅಪ್ಪಿಕೊಂಡ ಬುದ್ಧನ ತಲೆ ಇರುವುದು ಇಲ್ಲಿ. ಫೋಟೊ ತೆಗೆಸಿಕೊಳ್ಳುವಾಗ ಕುಕ್ಕರಗಾಲಿನಲ್ಲಿ ಕೂರಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಬರಬಾರದು. ಕಾವಲಿನವರು ನೋಡುತ್ತಲೇ ಇರುತ್ತಾರೆ. ಅಲ್ಲಿಂದ ಎದುರಿನ ರಾಚಬುರಾಣ, ಮುಂದೆ ಮೂರು ಚೇದಿಗಳ (ಸ್ತೂಪಗಳ) ಫ್ರಾ ಸಿ ಸಂಪೇತ್. ವಿದೇಶಿಯರಿಗೆ ಪ್ರತಿ ಜಾಗಕ್ಕೂ ಬೇರೆ ದರ. ಆರು ಜಾಗಕ್ಕೆ ಸೇರಿಸಿ ಒಂದೇ ಟಿಕೆಟ್ಟೂ ಇದೆ. ಮೂರ‍್ನಾಲ್ಕು ನೋಡುವ ಮನಸ್ಸಿದ್ದರೆ ಕೌಂಟರಿನಲ್ಲಿ ಎರಡರ ಲೆಕ್ಕವನ್ನೂ ಹಾಕಿ ನೋಡಿ.

ಹತ್ತು ಗಂಟೆಗೆ ಬಸ್ಸುಗಳು ಬಂದು ನಿಲ್ಲುವಾಗ ನೀವು ರೂಮಿಗೆ ವಾಪಸ್, ಸ್ನಾನ ಮಾಡಿ ಬಟ್ಟೆ ಬದಲಿಸುವುದು. ರೂಮು ಬಿಡುವ ಸಮಯ ಸಾಮಾನ್ಯವಾಗಿ 11 ಅಥವಾ 12, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಬೀಗದ ಕೈ ಕೊಟ್ಟು ಡಿಪಾಸಿಟ್ ಎಣಿಸಿಕೊಳ್ಳಿ. ಲಗೇಜನ್ನು ಸಂಜೆವರೆಗೆ ಇಟ್ಟುಕೊಳ್ಳಿ ಎಂದರೆ ಹೆಚ್ಚಿನವರು ಇಲ್ಲ ಎನ್ನುವುದಿಲ್ಲ. ಆಗ ದೋಣಿ ದಾಟಿ ಪೂರ್ವದ ವಾಟ್ ಯಾಯ್ ಚೈ ಮೊಂಗ್‌ಖೋನ್, ಅದರ ಪಶ್ಚಿಮಕ್ಕೆ ಹೊಳೆ ದಂಡೆಯ ವಾಟ್ ಫನಾನ್ ಚೋಂಗ್ ನೋಡಬಹುದು. ಇಲ್ಲಿ ಈಗಲೂ ಪೂಜೆ ನಡೆಯುತ್ತದೆ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ. ವಾಪಸ್ ರೈಲಿನ ವೇಳೆಯನ್ನು ಬಂದ ದಿನವೇ ನಿಲ್ದಾಣದ ಬೋರ್ಡಿನಿಂದ ಫೋಟೊ ತೆಗೆದಿಟ್ಟುಕೊಂಡಿರಿ. ಗಾಡಿಗಳು ತಡವಾಗುವುದು ಮಾಮೂಲು, ಅದೇ ಸಂಜೆ ವಿಮಾನ ಇದ್ದರೆ ಒಂದು ಗಾಡಿ ಮುಂಚಿನದನ್ನೇ ಹಿಡಿಯಿರಿ.