ಮಡಿವಾಳ ಹಕ್ಕಿಯ ಗೂಡುಪೆಟ್ಟಿಗೆ: ಮಲೆನಾಡಿನಲ್ಲಿ ನಿಗಾ ಮತ್ತು ನಿರ್ವಹಣೆ

ಗೂಡುಪೆಟ್ಟಿಗೆಗೆಂದು ಅಂತರ್ಜಾಲದಲ್ಲಿ ಸಿಗುವ ಅಳತೆಗಳಲ್ಲಿ ಅನೇಕವು ಉತ್ತರ ಅಮೆರಿಕದ ಪುಟ್ಟ ಹಕ್ಕಿ ಬ್ಲೂಬರ್ಡ್‌ಗಾಗಿ ಮಾಡಿದವು. ಅದಕ್ಕೆ ಸಾಲುವ 3.8 ಸೆಂ.ಮೀ. ಕಂಡಿ ನಮ್ಮ ಮಡಿವಾಳ ಹಕ್ಕಿಗೆ (ಓರಿಯೆಂಟಲ್ ಮ್ಯಾಗ್ಪೈ ರಾಬಿನ್) ಇಕ್ಕಟ್ಟು; 5 ಸೆಂ.ಮೀ. ಕಂಡಿ, ಒಳಗೆ 15 ಸೆಂ.ಮೀ. ಚೌಕದ ತಳ, 25 ಸೆಂ.ಮೀ. ಎತ್ತರ ಇದ್ದರೆ ಸರಿಹೋಗುತ್ತದೆ. ಕಂಡಿ ದೊಡ್ಡದಾದಷ್ಟೂ ಗೊರವಂಕಗಳು ಬಂದು ಸೇರಿಕೊಳ್ಳುವ ಸಂಭವ ಹೆಚ್ಚು. ಹಳೆಯ ಹಲಸಿನ ಹಲಗೆ ಸಾಕು, ಒಳಭಾಗಕ್ಕೆ ಬಣ್ಣ ಬೇಡ. ಆದರೆ ಒಂದು ಪಕ್ಕದ ಹಲಗೆಗೆ ಬಿಜಾಗರಿ ಹಾಕಿಸಲೇಬೇಕು, ಏಕೆಂದರೆ ತೆರೆಯಲಾಗದ ಪೆಟ್ಟಿಗೆಯನ್ನು ನೋಡಲೂ ಆಗದು, ತೊಳೆಯಲೂ ಆಗದು.

ನಮ್ಮಲ್ಲಿ ಮಳೆಗಾಳಿ ನೈಋತ್ಯದಿಂದ ಬೀಸುವುದರಿಂದ ಕಂಡಿಯು ಪೂರ್ವಕ್ಕೋ ಈಶಾನ್ಯಕ್ಕೋ ಮುಖಮಾಡಿರಲಿ. ಮರಕ್ಕೆ ಕಟ್ಟುವುದಕ್ಕಿಂತ ಅಂಗಳದ ಅಂಚಿನಲ್ಲಿ ನೆಟ್ಟ ಕಂಬವೇ ಮೇಲು. ಮರದಲ್ಲಾದರೆ ಚಗಳಿ ಇರುವೆಗಳು ಸಾಲುಗಟ್ಟಿ ಬಂದು ಕಣ್ಣು ಬಿಡದ ಮರಿಗಳನ್ನು ಮುತ್ತಿಕೊಳ್ಳುತ್ತವೆ. ಕಂಬದ ಮಧ್ಯಕ್ಕೆ ಕೊಡೆಯಂತೆ ಬಾಗಿಸಿದ ಅಗಲವಾದ ತಗಡು ಕಟ್ಟಿದರೆ ಬೆಕ್ಕು, ಕೇರೆಹಾವುಗಳಿಗೂ ಬಹುಮಟ್ಟಿಗೆ ತಡೆಯಾಗುತ್ತದೆ. ಇರುವೆ ಹತ್ತದಂತೆ ಕಂಬಕ್ಕೆ ಹಚ್ಚುವ ಗ್ರೀಸನ್ನು ತಗಡಿನ ಕೆಳಗೆ ಮಾತ್ರ ಹಚ್ಚಬೇಕು. ರೆಕ್ಕೆಗೆ ಮೆತ್ತಿದರೆ ಹಕ್ಕಿಗೇ ಅಪಾಯ.

ಮಾರ್ಚ್‌ನಿಂದ ಜೂನ್‌ವರೆಗೆ ವಾರಕ್ಕೊಮ್ಮೆ ನೋಡಿದರೆ ಸಾಕು. ಹೆಣ್ಣು ಮೊಟ್ಟೆಯಿಡುವ ಬೆಳಗಿನ ಹೊತ್ತು, ಮುಸ್ಸಂಜೆ ಮತ್ತು ಮಳೆ ಬರುವ ವೇಳೆಯನ್ನು ಬಿಟ್ಟು, ಪೆಟ್ಟಿಗೆಯ ಪಕ್ಕವನ್ನು ಮೆಲ್ಲನೆ ತಟ್ಟಿ, ಒಳಗಿರುವ ಹಕ್ಕಿ ತಾನಾಗಿ ಹೊರಬರಲು ಬಿಟ್ಟು, ಆಮೇಲೆ ಬಾಗಿಲು ತೆರೆದು ಒಂದು ನಿಮಿಷದೊಳಗೆ ಮುಚ್ಚಬೇಕು. ಹೆಣ್ಣು ಹೊರಬರದಿದ್ದರೆ ಅಂದಿನ ತಪಾಸಣೆ ಬೇಡ. ಸಾಮಾನ್ಯವಾಗಿ 4–5 ಮೊಟ್ಟೆಗಳಿರುತ್ತವೆ. ತಿಳಿ ಹಸಿರುನೀಲಿ ಚಿಪ್ಪಿನ ಮೇಲೆ ಕಂದು ಚುಕ್ಕೆಗಳು. ಎರಡೇ ಮೊಟ್ಟೆ ಕಂಡು ಹೆಣ್ಣು ಹತ್ತಿರ ಕಾಣದಿದ್ದರೆ ಗೂಡು ಬಿಟ್ಟುಹೋಯಿತೆಂದು ಅವಸರಪಡಬಾರದು: ಮೊಟ್ಟೆಗಳೆಲ್ಲ ಪೂರ್ತಿಯಾಗುವ ಹೊತ್ತಿಗೆ ಅದು ಕಾವಿಗೆ ಕೂರುತ್ತದೆ. ಕಾವು ಕೊಡುವುದು ಹೆಣ್ಣು ಮಾತ್ರ. ಕರೆಂಟು ತಂತಿಯ ಮೇಲೆ ಕೂತು ಹಾಡುವ ಗಂಡಿನಿಂದ ಒಳಗಿನ ಸ್ಥಿತಿ ತಿಳಿಯದು. ತಾರೀಖು, ಮೊಟ್ಟೆ, ಮರಿಗಳ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮರಿಗಳ ರೆಕ್ಕೆಯ ಗರಿಗಳು ಬಿಚ್ಚಿಕೊಳ್ಳತೊಡಗಿದ ಮೇಲೆ ಬಾಗಿಲು ತೆರೆಯಲೇಬಾರದು. ಬೆದರಿದ ಮರಿಗಳು ಹಾರಲು ಬರುವ ಮೊದಲೇ ಹೊರಗೆ ಜಿಗಿದುಬಿಡುತ್ತವೆ. ಮೊಟ್ಟೆ, ಗೂಡುಗಳಿಗೆ ಹಾನಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದೂ ನೆನಪಿರಲಿ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಕಾಲದಲ್ಲಿ ತಡವಾಗಿ ಇಟ್ಟ ಗೂಡುಗಳು ಸಿಕ್ಕಿಕೊಳ್ಳುವುದುಂಟು. ಆದ್ದರಿಂದ ಅಡಿಕೆ ತೋಟದ ಸಾಲಿನೊಳಗೆ ಪೆಟ್ಟಿಗೆ ಇಡದಿರುವುದೇ ಒಳ್ಳೆಯದು. ಒಮ್ಮೊಮ್ಮೆ ಹಕ್ಕಿಯ ಬದಲು ತುಡುವೆ ಜೇನು ಬಂದು ಕೂರಬಹುದು. ಅದನ್ನು ನಷ್ಟವೆನ್ನುವವರು ಮಲೆನಾಡಿನಲ್ಲಿ ಸಿಗಲಾರರು, ಆ ಪೆಟ್ಟಿಗೆಯನ್ನು ಅದಕ್ಕೇ ಬಿಟ್ಟು ಇನ್ನೊಂದನ್ನು ದೂರದಲ್ಲಿಡಿ.

ಮರಿಗಳು ಹಾರಿಹೋಗಿ ಕೆಲವು ದಿನ ಕಳೆದ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು ಹಳೆಯ ಹುಲ್ಲನ್ನೆಲ್ಲ ತೆಗೆದು ದೂರ ಹೂಳಬೇಕು. ಅದರಲ್ಲಿ ಉಳಿದ ನುಸಿಗಳು ಮುಂದಿನ ಮರಿಗಳ ರಕ್ತ ಹೀರುತ್ತವೆ. ಕೀಟನಾಶಕ ಬೇಡ, ಕುದಿಯುವ ನೀರು ಸುರಿದು ಬಿಸಿಲಿಗಿಟ್ಟರೆ ಸಾಕು. ಮಳೆ ಹಿಡಿದ ಮೇಲೆ ಖಾಲಿ ಪೆಟ್ಟಿಗೆಯನ್ನು ಹೊರಗೆ ಬಿಟ್ಟರೆ ಹಲಗೆ ಉಬ್ಬಿ ಬೂಸ್ಟು ಹಿಡಿಯುವುದರಿಂದ, ಅದನ್ನು ಇಳಿಸಿ ಬಚ್ಚಲೊಲೆಯ ಹೊಗೆ ತಾಗುವ ಅಟ್ಟದ ಮೇಲಿಡಿ. ಜನವರಿಯಲ್ಲಿ ಬಿಜಾಗರಿಗೆ ಎಣ್ಣೆ ಬಿಟ್ಟು, ಸಡಿಲವಾದ ಸ್ಕ್ರೂ ಬಿಗಿಮಾಡಿ, ತಳದಲ್ಲಿ ನೀರು ಬಸಿಯುವ ತೂತುಗಳನ್ನು ಬಿಡಿಸಿ, ಹಿಂದಿನ ಕಂಬಕ್ಕೇ ಮತ್ತೆ ಏರಿಸಬಹುದು.