ಮೂರು ಓಟಿನ ವಾರ್ಡು, ಮೂವತ್ತು ತಿಂಗಳ ಅಧ್ಯಕ್ಷಗಿರಿ: ನನ್ನ ಅನುಭವ

ಪಂಚಾಯ್ತಿ ಎಲೆಕ್ಷನ್ ಅಂದ್ರೆ ಜಾತಿ, ದುಡ್ಡು ಅಷ್ಟೇ ಅಂತ ಎಲ್ರೂ ಹೇಳ್ತಾರೆ. ಅವೆರಡೂ ಇರೋದು ನಿಜಾನೇ. ಆದ್ರೆ ಒಳಗೆ ಹೋಗಿ ಕೂತ್ಮೇಲೆ ನಂಗೆ ಗೊತ್ತಾಗಿದ್ದು ಏನಂದ್ರೆ, ಯಾರು ಗೆಲ್ತಾರೆ, ಗೆದ್ದೋರು ಯಾವ ಕೆಲಸ ಮಾಡ್ತಾರೆ ಅನ್ನೋದನ್ನ ಅರ್ಧಕ್ಕರ್ಧ ಕಾನೂನಲ್ಲಿರೋ ಸಣ್ಣಪುಟ್ಟ ನಿಯಮಗಳೇ ತೀರ್ಮಾನ ಮಾಡ್ಬಿಡ್ತವೆ. ನಾನು ತುಮಕೂರು ಜಿಲ್ಲೆಯೋಳು, 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಮೆಂಬರ್ ಆದೆ, ಎರಡನೇ 30 ತಿಂಗಳ ಅವಧಿಗೆ ಅಧ್ಯಕ್ಷೆ ಆದೆ. ಮುಂದೆ ನಿಲ್ಲಬೇಕು ಅಂತಿರೋ ಹೆಣ್ಮಕ್ಳಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ನಮ್ಮ ವಾರ್ಡಿಗೆ ಮೂರು ಸೀಟು. ಎಂಎಲ್ಎ ಎಲೆಕ್ಷನ್ ಥರ ಒಂದೇ ಓಟಲ್ಲ, ಸೀಟು ಎಷ್ಟಿದೆಯೋ ಅಷ್ಟು ಓಟು ಹಾಕ್ಬಹುದು, ಆದ್ರೆ ಒಬ್ಬ ಅಭ್ಯರ್ಥಿಗೆ ಒಂದೇ. ಪಕ್ಷದ ಚಿಹ್ನೆನೂ ಇಲ್ಲ. ಇದ್ರಿಂದ ಪ್ರಚಾರದ ದಾರಿನೇ ಬದಲಾಗುತ್ತೆ. ಯಾರನ್ನೂ ಸೋಲಿಸಿ ಅಂತ ಕೇಳೋ ಅವಶ್ಯಕತೆ ಇಲ್ಲ, ಮನೆ ಮನೆಗೆ ಹೋಗಿ ನಾನು ಕೇಳಿದ್ದು ಇಷ್ಟೇ, ಒಂದು ನಿಮ್ಮ ಅಣ್ತಮ್ಮಂದ್ರಿಗೆ ಹಾಕಿ, ಒಂದು ಮಾತು ಕೊಟ್ಟಿರೋರಿಗೆ ಹಾಕಿ, ಉಳಿದಿದ್ದೊಂದು ನಂಗೆ ಕೊಡಿ. ಕಾಲೋನಿಲಿ ಒಬ್ಬ ಅಜ್ಜಿ "ಮೂರ್ನೇದು ಯಾರ್ಗೂ ಹೇಳಿಲ್ಲ ಕಣವ್ವ, ನಿಂಗೇ ಒತ್ತುತೀನಿ ಬಿಡು" ಅಂದ್ರು. ಅಂಥ ಮೂರನೇ ಓಟುಗಳೇ ನನ್ನ ಗೆಲ್ಲಿಸಿದ್ದು. ಒಂದೇ ಓಟು ಇದ್ದಿದ್ರೆ ದೊಡ್ಡ ವಂಶ ಇಲ್ದಿರೋ ನನ್ನಂಥವಳು ಗೆಲ್ಲೋದು ಕಷ್ಟ ಇತ್ತು.

ಇನ್ನು ಅಧ್ಯಕ್ಷ ಸ್ಥಾನ. ಅವಧಿ 30 ತಿಂಗಳು, ಯಾರಿಗೆ ಬರುತ್ತೆ ಅನ್ನೋದು ಮೀಸಲಾತಿ ರೋಸ್ಟರ್ ಮೇಲೆ, ಅಂದ್ರೆ ಯಾವ ಸಲ ಯಾವ ವರ್ಗಕ್ಕೆ ಅನ್ನೋ ಸರದಿ ಪಟ್ಟಿ ಮೇಲೆ. ನಮ್ಮಲ್ಲಿ ಮಹಿಳೆಗೆ ಬಂತು. 2023ರ ಮಧ್ಯದಲ್ಲಿ ಅಧಿಕಾರ ತಗೊಂಡಾಗ ಆ ವರ್ಷದ ಕ್ರಿಯಾ ಯೋಜನೆ, ಅಂದ್ರೆ ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನೋ ಪ್ಲಾನು, ಆಗ್ಲೇ ಮಂಜೂರಾಗಿತ್ತು, ಯಾಕಂದ್ರೆ ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಅಂದ್ರೆ ನಾನೇ ಕೂತು ಮಾಡ್ಬಹುದಾದ ಪ್ಲಾನ್ 24–25ದು, 25–26ದು, ಅಷ್ಟೇ. ಎರಡೂವರೆ ವರ್ಷ ಇದೆ ಅಂದ್ಕೊಂಡೋರಿಗೆ ಕೈಲಿರೋದು ಎರಡೇ ಪ್ಲಾನು. ಅದಕ್ಕೇ ಅಕ್ಟೋಬರ್ 2ರಿಂದ ಶುರುವಾಗೋ ಯೋಜನೆ ತಯಾರಿನ ನಾನು ಬಿಡ್ಲೇ ಇಲ್ಲ.

ದುಡ್ಡಿನ ಕಥೆ ಸ್ವಲ್ಪ ಬಿಡಿಸಿ ಹೇಳ್ಬೇಕು. ನನ್ನ ಅವಧಿಲಿ ಕೇಂದ್ರದಿಂದ ಬರ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪರ್ಸೆಂಟ್ ನಿರ್ಬಂಧಿತ, ಅಂದ್ರೆ ಹೇಳಿದ ಕೆಲಸಕ್ಕೇ ಬಳಸ್ಬೇಕಿತ್ತು, ಅದ್ರಲ್ಲಿ ಅರ್ಧ ಕುಡಿಯೋ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ 40 ಅನಿರ್ಬಂಧಿತ, ಆದ್ರೂ ಸಂಬಳಕ್ಕೆ ಬಳಸೋ ಹಾಗಿರ್ಲಿಲ್ಲ. ಆದ್ರೆ ಸಭೆಗೆ ಬಂದ ಮೆಂಬರೆಲ್ಲ ಕೇಳೋದು ಸಿಸಿ ರೋಡು, ಕಣ್ಣಿಗೆ ಕಾಣುತ್ತಲ್ಲ. ಪಂಚಾಯ್ತಿಲಿ ಪಕ್ಷ ಇಲ್ಲ, ಹೀಗೇ ಓಟು ಹಾಕಿ ಅನ್ನೋ ಪಕ್ಷದ ವಿಪ್ ಇಲ್ಲ, ಮೂರನೇ ಎರಡು ಭಾಗ ಮೆಂಬರ್ ಅವಿಶ್ವಾಸ ಅಂದ್ರೆ ಅಧ್ಯಕ್ಷರು ಇಳೀಬೇಕು, ಹಾಗಾಗಿ ಅಧ್ಯಕ್ಷರಾದೋರು ಎಲ್ರನ್ನೂ ಸಮಾಧಾನ ಮಾಡೋಕೆ ಮೆಂಬರಿಗಿಷ್ಟು ಅಂತ ಸಮ ಹಂಚಿಬಿಡ್ತಾರೆ. ಪಾಲು ಚೂರುಚೂರಾಗಿ ಯಾವ ಕೆಲಸನೂ ಪೂರ್ತಿ ಆಗಲ್ಲ. ಅರ್ಧಕ್ಕೆ ನಿಂತ ಚರಂಡಿಗಳು ಪ್ರತಿ ಊರಲ್ಲೂ ಯಾಕಿವೆ ಅಂತ ಕೇಳಿದ್ರೆ ಅದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ನಂಬಿಕೆ.

ನಾನು ಮಾಡಿದ್ದು ಹೀಗೆ. 40 ಪರ್ಸೆಂಟನ್ನ ಅವರು ಕೇಳ್ದಂಗೆ ಹಂಚೋಕೆ ಒಪ್ಪಿದೆ, 60ನ್ನ ಮುಟ್ಟಬೇಡಿ ಅಂದೆ. ಕಾಲೋನಿ ಪೈಪ್‌ಲೈನಿನ ತುದಿಲಿದೆ, ಮೇಲಿನ ಬೀದಿಯೋರು ನಲ್ಲಿ ಬಿಟ್ಟಾಗ ಅಲ್ಲಿಗೆ ನೀರೇ ಹತ್ತಲ್ಲ. ಓವರ್‌ಹೆಡ್ ಟ್ಯಾಂಕಿಂದ ಕಾಲೋನಿಗೇ ಬೇರೆ ಲೈನು, ಬೇರೆ ವಾಲ್ವು, ಇದಿಷ್ಟನ್ನ ಮೊದ್ಲು ವಾರ್ಡ್ ಸಭೆಲಿ ಹೆಂಗಸರ ಬಾಯಲ್ಲೇ ಹೇಳಿಸಿದ್ವಿ. ಆಮೇಲೆ ಗ್ರಾಮ ಸಭೆಲಿ ಮತ್ತೆ ಹೇಳಿಸಿ, ನಡವಳಿ ಪುಸ್ತಕದಲ್ಲಿ ಬರೆದಿದ್ದನ್ನ ಅಲ್ಲೇ ಮೈಕಲ್ಲಿ ಓದಿಸಿ, ಆಮೇಲೇ ಸಹಿ ಹಾಕಿದ್ದು. ಒಬ್ಬರು ಮೆಂಬರು "ಏನಕ್ಕ, ಎಲ್ಲಾ ದುಡ್ಡು ಒಂದೇ ಕಡೆಗಾ?" ಅಂದ್ರು. ನಾನು ಉತ್ತರ ಕೊಡೋ ಮುಂಚೆ ಕಾಲೋನಿ ಹೆಂಗಸರೇ ಎದ್ದು ನಿಂತ್ರು. ಗ್ರಾಮ ಸಭೆಲಿ ಓದಿ ಒಪ್ಪಿಸಿದ್ದನ್ನ ಆಮೇಲೆ ತೆಗೆಯೋಕೆ ಯಾರಿಗೂ ಧೈರ್ಯ ಬರ್ಲಿಲ್ಲ, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ಕೂಡ ಅದನ್ನೇ ತೋರಿಸಿ ಎಸ್ಟಿಮೇಟ್ ಹಾಕಿಸಿದ್ರು. ಬಿಲ್ ಪಾಸ್ ಆಗೋಕೆ ಅಧ್ಯಕ್ಷರ ಡಿಜಿಟಲ್ ಸಹಿನೂ ಬೇಕು, ಆ ಸಹಿ ಹಾಕೋ ಪೆನ್‌ಡ್ರೈವ್ ಥರದ ಕೀ ನಾನೇ ಇಟ್ಕೊಂಡಿದ್ದೆ. ಇದನ್ನ ಹೆಣ್ಮಕ್ಳಿಗೆ ಒತ್ತಿ ಹೇಳ್ತೀನಿ, ಆ ಕೀನ ಗಂಡನ ಕೈಗೂ ಕೊಡ್ಬೇಡಿ, ಆಫೀಸಲ್ಲೂ ಬಿಡ್ಬೇಡಿ. ಲೈನಿನ ಉದ್ದ ಅಳತೆ ಪುಸ್ತಕದ ಜೊತೆ ತಾಳೆ ನೋಡಿದ ಮೇಲೇ ಒತ್ತಿದ್ದು.

ನಮ್ಮ ಕೈ ಮೀರಿದ್ದೂ ಇದೆ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗೆ ಎಲೆಕ್ಷನ್ ಆಗಿದ್ದು 2016ರಲ್ಲಿ, 2021ರಲ್ಲಿ ಅವಧಿ ಮುಗೀತು. ಅದೇ ವರ್ಷ ಕ್ಷೇತ್ರ ವಿಂಗಡಣೆ ಅಧಿಕಾರನ ರಾಜ್ಯ ಚುನಾವಣಾ ಆಯೋಗದಿಂದ ತಗೊಂಡು ಸರ್ಕಾರನೇ ನೇಮಿಸೋ ಬೇರೆ ಆಯೋಗಕ್ಕೆ ಕೊಟ್ರು, ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಲೆಕ್ಷನೇ ನಡೀಲಿಲ್ಲ. ನಮ್ಮ ಭಾಗದ ತಾಲ್ಲೂಕು ಪಂಚಾಯ್ತಿ ಮೆಂಬರ್ ಅಂತ ಯಾರೂ ಇಲ್ದೇ ಇದ್ದಾಗ ಎರಡು ಪಂಚಾಯ್ತಿಗೆ ಸೇರಿದ ರಸ್ತೆ ಕೇಳೋಕೂ ಎಂಎಲ್ಎ ಮನೆ ಬಾಗಿಲಿಗೇ ಹೋಗ್ಬೇಕಾಯ್ತು. ಕ್ಷೇತ್ರದ ಗೆರೆ ಎಳೆಯೋ ಅಧಿಕಾರ ಸರ್ಕಾರದ ಹತ್ರ ಹೋದ್ರೆ ಎಲೆಕ್ಷನ್ ದಿನಾಂಕನೂ ಅವರ ಹತ್ರನೇ ಹೋದಂಗೆ, ಇದು ಬದಲಾಗ್ಲೇಬೇಕು ಅಂತ ನಾನು ಸಿಕ್ಕೋರಿಗೆಲ್ಲ ಹೇಳ್ತೀನಿ.

ನಿಲ್ಲೋರು ಮೊದ್ಲು ನಿಮ್ಮ ವಾರ್ಡಿಗೆ ಎಷ್ಟು ಸೀಟು, ಯಾವ್ಯಾವ ಮೀಸಲು ಅಂತ ನೋಡ್ಕೊಳ್ಳಿ. ಹಳೇ ಕ್ರಿಯಾ ಯೋಜನೆಗಳು ಇ-ಗ್ರಾಮ ಸ್ವರಾಜ್ ವೆಬ್‌ಸೈಟಲ್ಲಿ ಸಿಗ್ತವೆ, ನಿಮ್ಮ ಬೀದಿ ಹೆಸರಲ್ಲಿ ಏನೇನು ಬರೆದಿದಾರೆ ಅಂತ ಓದಿ, ಆ ಜಾಗಕ್ಕೆ ಹೋಗಿ ನೋಡ್ಕೊಂಡು ಬಂದು ಆಮೇಲೆ ಓಟು ಕೇಳೋಕೆ ಹೊರಡಿ.