ಫ್ಲೋರೈಟ್ ಹರಳಿನ ನೀಲಿ ಬೆಳಕನ್ನು ಅಳೆದ ನನ್ನ ಅನುಭವ

ಫ್ಲೋರೈಟ್ ಹರಳು ನೇರಳಾತೀತ ದೀಪದ ಕೆಳಗೆ ಸೂಸುವ ನೀಲಿ ಬೆಳಕು, ಆ ಹರಳಿನ ಮೂಲ ವಸ್ತುವಾದ ಕ್ಯಾಲ್ಸಿಯಂ ಫ್ಲೋರೈಡ್‌ನ ಸ್ವಂತ ಬೆಳಕಲ್ಲ ಎಂದು ನಾನು ಓದಿ ತಿಳಿದಿದ್ದೆನಾದರೂ, ಆ ಮಾತು ಮನಸ್ಸಿಗೆ ಇಳಿದದ್ದು ಉಪಕರಣದ ಮುಂದೆ ಕುಳಿತು ಅಳೆಯತೊಡಗಿದ ಮೇಲೆಯೇ. ಈ ಹರಳಿನ ಪಟ್ಟಿ ಅಂತರ, ಅಂದರೆ ಅದರ ಎಲೆಕ್ಟ್ರಾನೊಂದು ಮೇಲಿನ ಶಕ್ತಿಪಟ್ಟಿಗೆ ಏರಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 12 ಎಲೆಕ್ಟ್ರಾನ್ ವೋಲ್ಟ್. 365 ನ್ಯಾನೋಮೀಟರ್ ದೀಪದ ಒಂದು ಫೋಟಾನ್ (ಬೆಳಕಿನ ಕಣ) ಹೊತ್ತು ತರುವುದು 3.4 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅಷ್ಟು ಕಡಿಮೆ ಶಕ್ತಿಯಿಂದ ಆ ಅಂತರವನ್ನು ದಾಟುವುದು ಸಾಧ್ಯವಿಲ್ಲದ್ದರಿಂದ, ಹೊಳೆಯುವುದೇನಿದ್ದರೂ ಹರಳಿನೊಳಗೆ ಸೇರಿಕೊಂಡ ಕಲ್ಮಶ ಅಥವಾ ಜಾಲಕದ (ಪರಮಾಣುಗಳ ಜೋಡಣೆಯ) ದೋಷವೇ ಆಗಿರಬೇಕು. ಹೀಗೆ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ ಪ್ರತಿದೀಪ್ತಿಗೆ 1852ರಲ್ಲಿ ಭೌತವಿಜ್ಞಾನಿ ಸ್ಟೋಕ್ಸ್ ಇಟ್ಟ ‘ಫ್ಲೋರೆಸೆನ್ಸ್’ ಎಂಬ ಹೆಸರು ಬಂದದ್ದು ಇದೇ ಖನಿಜದಿಂದ.

ನಾನು ಆರಂಭಿಸಿದ್ದು ಗುಜರಾತಿನ ಅಂಬಾ ಡೊಂಗರ್ ಪ್ರದೇಶದ ಒಂದು ನೈಸರ್ಗಿಕ ತುಂಡಿನಿಂದ. ಅದು ಸೂಸುವ ಬೆಳಕಿನ ತರಂಗಾಂತರಗಳನ್ನು ತೋರಿಸುವ ಉತ್ಸರ್ಜನ ರೋಹಿತದಲ್ಲಿ 424 ನ್ಯಾನೋಮೀಟರ್ ಸುತ್ತ ಅಗಲವಾದ ಶಿಖರ ಮೂಡಿತು. ಕ್ಯಾಲ್ಸಿಯಂನ ಜಾಗದಲ್ಲಿ ಕುಳಿತ ದ್ವಿವೇಲೆನ್ಸೀಯ (ಎರಡು ಎಲೆಕ್ಟ್ರಾನ್ ಕಳೆದುಕೊಂಡ) ಯುರೋಪಿಯಂ ಲೋಹದ ಗುರುತು ಅದು. ಯಾವ ತರಂಗಾಂತರದ ಬೆಳಕು ಬಿದ್ದರೆ ಅದು ಹೊಳೆಯುತ್ತದೆಂದು ತೋರಿಸುವ ಉದ್ದೀಪನ ರೋಹಿತದಲ್ಲಿ 220ರ ಆಸುಪಾಸಿನಲ್ಲಿ ಒಂದು, 340ರ ಸುತ್ತ ಇನ್ನೊಂದು ಪಟ್ಟಿ ಇದ್ದವು. ಇಲ್ಲಿ ಗೊಂದಲವೇನೂ ಇರಲಿಲ್ಲ.

ಗೊಂದಲ ಎದುರಾದದ್ದು ಹೋಲಿಕೆಗೆಂದು ತಂದ, ಪ್ರಯೋಗಾಲಯದಲ್ಲಿ ಬೆಳೆಸಿದ ಶುದ್ಧ ಹರಳಿನಲ್ಲಿ. ಅದು ಕತ್ತಲಾಗಿರಬೇಕಿತ್ತು, ಆದರೆ 430ರ ಸುತ್ತ ಮಂದವಾದರೂ ಸ್ಪಷ್ಟವಾದ ನೀಲಿ ಶಿಖರವಿತ್ತು. ಸಿಕ್ಕಿತು, ಇಲ್ಲಿಯೂ ಅಲ್ಪ ಪ್ರಮಾಣದ ಯುರೋಪಿಯಂ ಇದೆ ಎಂದು ನಾನು ದಿನಚರಿಯಲ್ಲಿ ಬರೆದೇಬಿಟ್ಟೆ. ಮರುದಿನ ಉದ್ದೀಪನ ರೋಹಿತ ತೆಗೆದಾಗ 340ರಿಂದ 380ರವರೆಗೆ ಪಟ್ಟಿ ಇತ್ತು, 220ರಲ್ಲಿ ಏನೂ ಇರಲಿಲ್ಲ. ಯುರೋಪಿಯಂ ಆಗಿದ್ದರೆ ಎರಡೂ ಇರಬೇಕಿತ್ತು. ಹರಳನ್ನು ತೆಗೆದು ಬರೀ ಹಿಡಿಕೆಯನ್ನು ಅಳೆದೆ. ಅದೇ ಶಿಖರ ಬಂತು. ಹರಳು ಅಲುಗದಿರಲೆಂದು ಅದರ ಹಿಂದೆ ನಾನೇ ಮಡಚಿ ಸಿಕ್ಕಿಸಿದ್ದ ಬಿಳಿ ಕಾಗದದ ಚೂರು ಹೊಳೆಯುತ್ತಿತ್ತು. ಕಾಗದವನ್ನು ಬೆಳ್ಳಗೆ ಕಾಣಿಸಲು ಬೆರೆಸುವ ಹೊಳಪುಕಾರಕ ರಾಸಾಯನಿಕ ಇದೇ ಬಣ್ಣದಲ್ಲಿಯೇ ದೀಪಿಸುತ್ತದೆ. ಹೊಳಪಿನ ಆಯುಷ್ಯವನ್ನು, ಅಂದರೆ ಉದ್ದೀಪನ ನಿಂತ ಮೇಲೆ ಅದು ಆರಲು ಹಿಡಿಯುವ ಕಾಲವನ್ನು, ಅಳೆದಿದ್ದರೂ ವ್ಯತ್ಯಾಸ ತಿಳಿಯುತ್ತಿತ್ತು: ಫ್ಲೋರೈಟ್ ಹರಳಿನಲ್ಲಿ ಯುರೋಪಿಯಂನದು ಸುಮಾರು 0.7 ಮೈಕ್ರೋಸೆಕೆಂಡ್, ಹೊಳಪುಕಾರಕದ್ದು ಕೆಲವೇ ನ್ಯಾನೋಸೆಕೆಂಡ್.

ಎರಡನೆಯ ಮೋಸ, ಉಪಕರಣದೊಳಗೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಗ್ರೇಟಿಂಗ್‌ನದು. 254 ನ್ಯಾನೋಮೀಟರ್‌ನಲ್ಲಿ ಉದ್ದೀಪಿಸಿದಾಗ 508ರಲ್ಲಿ ಚೂಪಾದ ಹಸಿರು ರೇಖೆ ಕಂಡಿತು. ಉದ್ದೀಪನವನ್ನು 260ಕ್ಕೆ ಸರಿಸಿದೆ, ರೇಖೆ 520ಕ್ಕೆ ಸರಿಯಿತು. ನಿಜವಾದ ಉತ್ಸರ್ಜನ ಹೀಗೆ ಹಿಂಬಾಲಿಸುವುದಿಲ್ಲ. ಅದು ಹರಳಿನಿಂದ ಚದುರಿದ ಉದ್ದೀಪನ ಬೆಳಕನ್ನೇ ಗ್ರೇಟಿಂಗ್ ಎರಡು ಪಟ್ಟು ತರಂಗಾಂತರದ ಜಾಗದಲ್ಲಿ ತೋರಿಸುವ, ಎರಡನೆಯ ಕ್ರಮದ ಪ್ರತಿಬಿಂಬ. 320ಕ್ಕಿಂತ ಕಡಿಮೆ ತರಂಗಾಂತರದ ಬೆಳಕನ್ನು ತಡೆಯುವ ಫಿಲ್ಟರನ್ನು ಉತ್ಸರ್ಜನದ ದಾರಿಯಲ್ಲಿಟ್ಟ ಕೂಡಲೇ ರೇಖೆ ಮಾಯವಾಯಿತು. ಆ ಫಿಲ್ಟರ್ ಗಾಜು ತಾನೇ ಹೊಳೆಯುವುದಿಲ್ಲವೆಂದು ಮೊದಲೇ ಪರೀಕ್ಷಿಸಿಕೊಳ್ಳುವುದೂ ಅಗತ್ಯ.

ಕಲ್ಮಶದ್ದಲ್ಲದ, ಆತಿಥೇಯ ಹರಳಿನದೇ ಬೆಳಕೂ ಉಂಟು, ಅದನ್ನು ನೋಡುವ ಆಸೆ ನನಗೆ ಇಂದಿಗೂ ಇದೆ. ಸ್ವಯಂಬಂಧಿತ ಎಕ್ಸೈಟಾನ್ (ಜಾಲಕವನ್ನು ತಾನೇ ಬಾಗಿಸಿ ಅಲ್ಲೇ ಸಿಕ್ಕಿಕೊಂಡ, ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗದ ಜೋಡಿ) ಕ್ಯಾಲ್ಸಿಯಂ ಫ್ಲೋರೈಡ್‌ನಲ್ಲಿ 280 ನ್ಯಾನೋಮೀಟರ್ ಸುತ್ತ, ಬೇರಿಯಂ ಫ್ಲೋರೈಡ್‌ನಲ್ಲಿ 310ರ ಸುತ್ತ ಬೆಳಕು ಸೂಸುತ್ತದೆ. ಬೇರಿಯಂ ಫ್ಲೋರೈಡ್‌ನಲ್ಲಿ 220ರಲ್ಲಿ ಇನ್ನೊಂದು ಬೆಳಕಿದೆ. ಅದು ಒಂದು ನ್ಯಾನೋಸೆಕೆಂಡಿಗೂ ಮೊದಲೇ ಕ್ಷಯಿಸುತ್ತದೆ, ಆದರೆ ಅದನ್ನು ಎಬ್ಬಿಸಲು ಸುಮಾರು 18 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಷ್ಟು ಶಕ್ತಿಯ ಬೆಳಕು ಗಾಳಿಯಲ್ಲಿ ಸಾಗುವುದೇ ಇಲ್ಲ. ನಿರ್ವಾತ ಕೊಳವೆ ಬೇಕು, ಇಂದೋರಿನ ಇಂಡಸ್-1ರಂಥ ಸಿಂಕ್ರೊಟ್ರಾನ್ ಆಕರ (ವೇಗದ ಎಲೆಕ್ಟ್ರಾನುಗಳನ್ನು ಸುತ್ತಿಸಿ ಬೆಳಕು ಪಡೆಯುವ ಯಂತ್ರ) ಬೇಕು.

ಕಾಗದವನ್ನು ತೆಗೆದು, ತಾಮ್ರದ ಹಿಡಿಕೆಗೆ ಸಣ್ಣ ಸ್ಪ್ರಿಂಗ್ ಪಟ್ಟಿ ಹಾಕಿಸಿ, ಶುದ್ಧ ಹರಳನ್ನು ಮತ್ತೆ ಅಳೆದೆ. 424ರಲ್ಲಿ ಹಿನ್ನೆಲೆಯ ಗದ್ದಲದ ಹೊರತು ಏನೂ ಉಳಿದಿರಲಿಲ್ಲ. ಯುರೋಪಿಯಂ ಎಂದು ಬರೆದಿದ್ದ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ‘ಕಾಗದ’ ಎಂದು ಬರೆದು ದಿನಾಂಕ ಹಾಕಿದೆ.